ತಟ್ಟೆಗುಡ್ಡದ ಅಂಜುಬುರುಕ ಬೆಂಕಿ

ಚೀಟಿ ಬಿಚ್ಚಿ ರಾಚಪ್ಪ ಮೇಷ್ಟ್ರು ನನ್ನ ಹೆಸರು ಓದಿದಾಗ ಅವರು ತಪ್ಪು ಓದಿದರೆಂದೇ ತಿಳಿದೆ. ಎದ್ದು ಹೋಗಿ ಚೀಟಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಇಂದುಮತಿ ಎಂದೇ ಇತ್ತು, ಅಕ್ಷರವೂ ನನ್ನದೇ. ಸಂಜೆ ತರಗತಿಯಲ್ಲಿ ನಾವು ಹನ್ನೆರಡು ಜನ. ಉಳಿದ ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ವರ್ಷ ನಾವೆಲ್ಲರೂ ಪರೀಕ್ಷೆಯಲ್ಲಿ ಪಾಸಾಗಿದ್ದೆವು. ಅರವತ್ತೆಂಟು ವರ್ಷದ ತಿಪ್ಪಮ್ಮಜ್ಜಿ ಕೂಡ ಪಾಸಾಗಿದ್ದಳು. ಆ ಸಂತೋಷಕ್ಕೆ ಶನಿವಾರ ಸಂಜೆ ತಟ್ಟೆಗುಡ್ಡಕ್ಕೆ ಹೋಗಿ ಕ್ಯಾಂಪ್ ಫೈರ್ ಹಾಕುವುದೆಂದು ತೀರ್ಮಾನವಾಗಿತ್ತು. ಬೆಂಕಿ ಯಾರು ಹಚ್ಚಬೇಕು ಎಂಬುದಕ್ಕೇ ಚೀಟಿ ಎತ್ತಿದ್ದು.

ನಮ್ಮೂರಿನಲ್ಲಿ ಬೆಂಕಿಗೆ ಹಚ್ಚಿದವರ ಸ್ವಭಾವ ಬರುತ್ತದೆ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ದೋಸೆ ಅಂಚಿನಲ್ಲಿ ಸೀದು ನಡುವೆ ಹಸಿಯಾಗಿದ್ದರೆ, ಇವತ್ತು ಒಲೆ ಹಚ್ಚಿದ್ದು ಮಾಲೀಕರ ಅವಸರದ ತಮ್ಮನೆಂದು ಗಿರಾಕಿಗಳೇ ತಿಳಿದುಕೊಂಡು ಇಡ್ಲಿ ಹೇಳುತ್ತಾರೆ. ಇಸ್ತ್ರಿ ಅಂಗಡಿಯವನು ಬೆಳಿಗ್ಗೆ ಇದ್ದಿಲನ್ನು ತನ್ನ ಅತ್ತೆಯ ಕೈಯಲ್ಲೇ ಹಚ್ಚಿಸುತ್ತಾನೆ; ಆ ಮುದುಕಿಯ ಹಟಕ್ಕೆ ಕೆಂಡ ಸಂಜೆಯವರೆಗೂ ಆರುವುದಿಲ್ಲ. ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವ ಬದಲು ಹುಡುಗಿಯ ಕೈಯಲ್ಲಿ ಒಂದು ಕಡ್ಡಿ ಗೀರಿಸುತ್ತಾರೆ. ಗಂಡಿನ ಕೈಯಲ್ಲೂ ಗೀರಿಸಬೇಕೆಂದು ಈಚೆಗೆ ಹುಡುಗಿಯರು ಕೇಳತೊಡಗಿದ್ದಾರೆ, ಅದು ಒಳ್ಳೆಯದೇ. ಇನ್ನೊಂದು ಪದ್ಧತಿಯೂ ಇದೆ. ಯಾರಾದರೂ ಬೆಂಕಿ ಹಚ್ಚುವಾಗ ಉಳಿದವರು ಬೆನ್ನು ತಿರುಗಿಸಿ ನಿಲ್ಲಬೇಕು. ಹುಟ್ಟುವ ಗಳಿಗೆಯಲ್ಲಿ ಬೆಂಕಿಗೆ ಒಂದೇ ಮುಖ ಕಾಣಬೇಕಂತೆ, ಇಲ್ಲದಿದ್ದರೆ ಅದಕ್ಕೆ ಗೊಂದಲವಾಗುತ್ತದಂತೆ.

ನಾನು ಮೊದಲ ಸಲ ಒಲೆ ಹಚ್ಚಿದ್ದು ಹದಿಮೂರನೆಯ ವಯಸ್ಸಿನಲ್ಲಿ. ಬಾಗಿಲು ಕಿರ್ ಎಂದರೆ ನನ್ನ ಉರಿ ಬೆಚ್ಚಿಬೀಳುತ್ತಿತ್ತು. ಪಾತ್ರೆ ಬಿದ್ದರೆ ಸೌದೆಯ ಹಿಂದೆ ಅಡಗುತ್ತಿತ್ತು. ಅರ್ಧ ಸೇರು ಹಾಲು ಕಾಯಲು ಮುಕ್ಕಾಲು ಗಂಟೆ ಬೇಕಿತ್ತು. "ನಿನ್ನ ಬೆಂಕಿ ನೋಡಿದ್ರೆ ಯಾರೋ ಬೈದು ಮೂಲೇಲಿ ಕೂರಿಸಿದ ಹಾಗಿರುತ್ತಲ್ಲೇ" ಎಂದು ಅಮ್ಮ ನಗುತ್ತಿದ್ದಳು. ಅತ್ತಿಗೆ ಮನೆಗೆ ಬಂದ ಮೇಲೆ ಒಲೆ ಅವಳದಾಯಿತು. ಅವಳೇನೂ ಚುಚ್ಚಿ ಮಾತಾಡಲಿಲ್ಲ. ಬೆಂಕಿಪೊಟ್ಟಣವನ್ನು ಮೇಲಿನ ಗೂಡಿನಲ್ಲಿಟ್ಟಳು, ಅಷ್ಟೆ. ಆಮೇಲೆ ಒಂಬತ್ತು ವರ್ಷ ನಾನು ಕಡ್ಡಿ ಗೀರಲಿಲ್ಲ. ಮದುವೆ ಮನೆಯಲ್ಲಿ, ಕಣದಲ್ಲಿ, ಚಳಿಗಾಲದ ಬೀದಿಯಲ್ಲಿ, ಎಲ್ಲ ಕಡೆಯೂ ಬೇರೆಯವರ ಬೆಂಕಿಗೆ ಕೈ ಚಾಚಿ ಕೂತವಳು ನಾನು. ಹೊರಗಿನವರು ಯಾರೂ ನನ್ನ ಬೆಂಕಿಯ ಸುತ್ತ ಎಂದೂ ಕೂತಿರಲಿಲ್ಲ. ಒಂದೇ ಒಂದು ಸಲ ಹಾಗೆ ಜನ ಕೂರಬೇಕು ಎಂಬ ಆಸೆ ನನ್ನೊಳಗಿದೆಯೆಂದು ಆ ಚೀಟಿ ನೋಡುವವರೆಗೆ ನನಗೇ ಗೊತ್ತಿರಲಿಲ್ಲ.

ಪಕ್ಕದಲ್ಲಿ ಕೂರುವ ಟೈಲರ್ ಜುಬೇದಾ ನನ್ನ ಮೊಣಕೈ ತಿವಿದಳು. "ಬೇಡ ಅನ್ನೋದಾದ್ರೆ ಈಗಲೇ ಅನ್ನು ಇಂದು. ಆಮೇಲೆ ಗುಡ್ಡದ ಮೇಲೆ ಕೂತು ಅಳಬೇಡ."

"ಅಳಲ್ಲ. ಹಚ್ತೀನಿ."

"ಹಾಗಾದ್ರೆ ಎರಡು ಕಂಬಳಿ ತರ್ತೀನಿ."

"ಕಂಬಳಿ ಯಾಕೆ?"

"ನಿನ್ನ ಬೆಂಕಿಗೆ ಒಂದು, ನನಗೊಂದು."

ಎಲ್ಲರೂ ಗೊಳ್ಳೆಂದು ನಕ್ಕರು. ಹಿಂದಿನ ಬೆಂಚಿನಿಂದ ಬಸ್ ಕಂಡಕ್ಟರ್ ಮೈಲಾರಿ, "ಬಿಡು ಜುಬೇದಕ್ಕ, ನಾನು ಹಾಡು ಹೇಳ್ತೀನಿ, ಚಳಿ ತಾನೇ ಎದ್ದು ಓಡುತ್ತೆ" ಎಂದ. ಮೈಲಾರಿಯ ಮಾತು ಯಾವಾಗಲೂ ಮೂರು ಬೀದಿಗೆ ಕೇಳುವಂಥದ್ದು. ಅವನ ಬೆಂಕಿಯೂ ಹಾಗೇ. ಅವನ ತಾಯಿ ಅವನಿಗೆ ಸ್ಟೌ ಇರಲಿ, ಊದುಬತ್ತಿ ಹಚ್ಚಲೂ ಬಿಡುತ್ತಿರಲಿಲ್ಲ. ಮೇಷ್ಟ್ರು ಮೇಜು ಕುಟ್ಟಿ, "ಚೀಟಿ ಅಂದ್ರೆ ಚೀಟಿ. ಇಂದುಮತಿಯವರೇ ಹಚ್ತಾರೆ" ಎಂದು ಹಾಜರಿ ಪುಸ್ತಕ ಮುಚ್ಚಿದರು.

ಶನಿವಾರಕ್ಕೆ ನಾಲ್ಕು ದಿನವಿತ್ತು. ನಾನು ಕೆಲಸ ಮಾಡುವುದು ಹಿಟ್ಟಿನ ಗಿರಣಿಯಲ್ಲಿ. ಡಬ್ಬಿಗಳ ಮೇಲೆ ಯಾರದೆಂದು ಹೆಸರು ಬರೆದು ಅಂಟಿಸುವುದು. ಒಂದೊಂದು ಹೆಸರನ್ನೂ ಎರಡು ಸಲ ನೋಡಿ ಅಂಟಿಸುವವಳು ಆ ವಾರ ರಾಗಿಯವರಿಗೆ ಗೋಧಿ, ಗೋಧಿಯವರಿಗೆ ಕಡಲೆಹಿಟ್ಟು ಕಳಿಸಿದೆ. ತಲೆಯ ತುಂಬ ಬೆಂಕಿಯೇ. ಅರಣ್ಯದವರು ಹಿಂದೆಂದೋ ಹಂಚಿದ್ದ ಕರಪತ್ರವೊಂದು ಮನೆಯಲ್ಲಿತ್ತು, ಬಯಲಿನಲ್ಲಿ ಬೆಂಕಿ ಹಾಕುವವರು ಪಾಲಿಸಬೇಕಾದ ಹನ್ನೊಂದು ಸೂಚನೆಗಳದ್ದು. ಅದನ್ನು ಪರೀಕ್ಷೆಗೆ ಓದಿದ ಹಾಗೆ ಓದಿದೆ. ಬಾಯಿಪಾಠವಾದ ಮೇಲೂ ಅನುಮಾನ ಬಂದು ಮತ್ತೆ ಓದಿದೆ. ಬೆಂಕಿಯನ್ನು ಹೇಗೆ ಕಾಯಬೇಕೆಂದು ಅದರಲ್ಲಿತ್ತು. ಬೆಂಕಿಯೇ ಹೆದರಿದರೆ ಏನು ಮಾಡಬೇಕೆಂದು ಇರಲಿಲ್ಲ.

ಶನಿವಾರ ಐದು ಗಂಟೆಗೆ ಬಸ್ಸು ನಮ್ಮನ್ನು ಗುಡ್ಡದ ಕೆಳಗೆ ಇಳಿಸಿತು. ಏಳೂವರೆಗೆ ಅದೇ ಬಸ್ಸು ವಾಪಸು. ತಟ್ಟೆಗುಡ್ಡದ ನೆತ್ತಿ ಹೆಸರಿಗೆ ತಕ್ಕ ಹಾಗೆ ಚಪ್ಪಟೆ. ಪೂರ್ವಕ್ಕೆ ಬರೀ ಬಂಡೆ, ಒಂದು ಸಣ್ಣ ಹೊಂಡ. ಪಶ್ಚಿಮದ ಇಳಿಜಾರಿನ ತುಂಬ ಸೊಂಟದೆತ್ತರದ ಕಸಬರಿಗೆ ಹುಲ್ಲು ಒಣಗಿ ನಿಂತಿತ್ತು. ಅದರ ಬುಡದಲ್ಲಿ ಕುರಿ ಕಾಯುವವರ ಬಿಡಾರ, ಅದರಾಚೆ ಸಾಲಾಗಿ ಊರಿನ ಬಣವೆಗಳು. ಸೀರೆಯ ಸೆರಗು ಸಿಕ್ಕಿಸಿ ಹುಲ್ಲಿನಿಂದ ಆದಷ್ಟು ದೂರ, ಮಣ್ಣಿರುವ ಜಾಗ ಹುಡುಕಿದೆ. ಗಾಳಿ ಎತ್ತಲಿಂದ ಬರುತ್ತದೆಂದು ಸ್ವಲ್ಪ ಮಣ್ಣು ಉದುರಿಸಿ ನೋಡಿದೆ. ಹತ್ತು ಮಾರು ಸುತ್ತಲೂ ತರಗು, ಕಡ್ಡಿ, ಒಣಬೇರು ಎಲ್ಲವನ್ನೂ ಗುಡಿಸಲು ಹೇಳಿ, ನಡುವೆ ಒಂದು ಗೇಣು ಗುಂಡಿ ತೋಡಿಸಿದೆ. ತೋಡಿದ ಮಣ್ಣನ್ನು ಪಕ್ಕದಲ್ಲೇ ಗುಡ್ಡೆ ಹಾಕಿಸಿದೆ.

ಮೈಲಾರಿ ಹೊಂಡದಿಂದ ನುಣ್ಣನೆಯ ಗುಂಡುಕಲ್ಲುಗಳನ್ನು ಬುಟ್ಟಿ ತುಂಬ ಹೊತ್ತು ತಂದ. "ನೋಡಕ್ಕ, ಬೆಣ್ಣೆ ಮುದ್ದೆ ಇದ್ದ ಹಾಗಿವೆ."

"ನೀರಲ್ಲಿದ್ದ ಕಲ್ಲು ಬೇಡಪ್ಪ. ಒಳಗೆ ತೇವ ಇರುತ್ತೆ, ಕಾದ್ರೆ ಸಿಡಿಯುತ್ತೆ."

"ಕಲ್ಲು ಸಿಡಿಯುತ್ತಾ? ಯಾರು ಹೇಳಿದ್ದು?"

"ಮೂರನೇ ಸೂಚನೆ."

ಅವನು ತಲೆ ಕೆರೆದುಕೊಂಡು ಬುಟ್ಟಿಯನ್ನು ವಾಪಸು ಹೊತ್ತ. ಒಣಬಂಡೆಯ ಚೂರುಗಳನ್ನು ನಾನೇ ಆರಿಸಿ ಸುತ್ತ ಜೋಡಿಸಿದೆ. ಮೂರು ಕೊಡ ನೀರು, ಎರಡು ನೆನೆಸಿದ ಗೋಣಿಚೀಲ, ಒಂದು ಸಲಿಕೆ ತಂದಿಡಿಸಿದಾಗ ಜುಬೇದಾ ಕೈಮುಗಿದಳು. "ತಾಯಿ, ನಾವು ಬೆಂಕಿ ಹಾಕೋಕೆ ಬಂದಿದ್ದೋ ಆರಿಸೋಕೆ ಬಂದಿದ್ದೋ?" ನನಗೆ ಕೋಪ ಬರಲಿಲ್ಲ. ಹೇಳಿದರೆ ನಗುತ್ತೀರಿ, ನನಗೆ ಆಗ ಹಿಗ್ಗೋ ಹಿಗ್ಗು. ನಾನು ಹೇಳಿದ ಕಡೆ ಹನ್ನೆರಡು ಜನ ಓಡಾಡುತ್ತಿದ್ದರು. ಪುಳ್ಳೆ ಕೆಳಗೆ, ಅದರ ಮೇಲೆ ಬೆರಳು ಗಾತ್ರದ್ದು, ಆಮೇಲೆ ಮುಂಗೈ ಗಾತ್ರದ ಸೌದೆ, ಗೋಪುರದ ಹಾಗೆ ನಿಲ್ಲಿಸಿದೆ. ನಡುವೆ ಗಾಳಿ ಆಡಲು ಜಾಗ ಬಿಟ್ಟೆ. ಸೀಮೆಎಣ್ಣೆ ಬೇಡವೇ ಬೇಡ ಎಂದೆ. ಸೂರ್ಯ ಬಣವೆಗಳ ಹಿಂದೆ ಇಳಿಯುತ್ತಿದ್ದ. ಚಳಿ ನೆಲದಿಂದ ಮೇಲೇರತೊಡಗಿತು.

"ಸರಿ, ತಿರುಗಿ ನಿಲ್ಲಿ ಎಲ್ಲ" ಎಂದರು ಮೇಷ್ಟ್ರು.

ಎಲ್ಲರೂ ಬೆನ್ನು ತಿರುಗಿಸಿದರು. ನಾನು ಮಂಡಿಯೂರಿ ಪೊಟ್ಟಣ ತೆರೆದೆ. ಆಗ ಆ ಬೆನ್ನುಗಳನ್ನು ನೋಡಿದೆ. ಸ್ವೆಟರ್ ಹಾಕಿದ ಬೆನ್ನು, ಶಾಲು ಹೊದ್ದ ಬೆನ್ನು, ತಿಪ್ಪಮ್ಮಜ್ಜಿಯ ಬಾಗಿದ ಬೆನ್ನು. ಮೂರು ವರ್ಷ ಹಗಲೆಲ್ಲ ದುಡಿದು ಸಂಜೆ ಬಂದು ಕಲಿತವರು. ಇವರೆಲ್ಲ ತಿರುಗಿ ನೋಡಿದಾಗ ಒಂದು ಗೇಣು ಉರಿ ಕಲ್ಲಿನ ಹಿಂದೆ ಮುದುರಿ ಕೂತಿದ್ದರೆ? ಯಾರೂ ಏನೂ ಅನ್ನುವುದಿಲ್ಲ, ಗೊತ್ತು. ಅನ್ನದೆ ಸುಮ್ಮನೆ ಕಂಬಳಿ ಎಳೆದುಕೊಳ್ಳುತ್ತಾರೆ. ಅದನ್ನು ನೆನೆಸಿ, ತೆರೆದ ಪೊಟ್ಟಣವನ್ನು ಮತ್ತೆ ಮುಚ್ಚಿದೆ. ಮೈಲಾರಿ ಸಾಲಿನ ಕೊನೆಯಲ್ಲಿ, ನನಗೆ ಹತ್ತಿರದಲ್ಲೇ ನಿಂತಿದ್ದ. ಅವನ ಅಂಗಿ ಜಗ್ಗಿದೆ.

"ನೀನು ಹಚ್ಚೋ" ಎಂದೆ, ಪಿಸುಮಾತಿನಲ್ಲಿ.

ಅವನ ಕಣ್ಣು ಅಗಲವಾಯಿತು. "ನಾನಾ? ನಿನ್ನ ಚೀಟಿ ಅಲ್ವಾ ಅಕ್ಕ?"

"ನಿನ್ನ ದಮ್ಮಯ್ಯ. ಯಾರಿಗೂ ಗೊತ್ತಾಗಲ್ಲ."

ಊದುಬತ್ತಿ ಹಚ್ಚಲೂ ಬಿಡದ ಮನೆಯಲ್ಲಿ ಬೆಳೆದವನು. ಅವನು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಒಂದೇ ಕಡ್ಡಿ. ಪುಳ್ಳೆಗೆ ಮುಟ್ಟಿಸಿ, ಎದ್ದು, ಬೆನ್ನು ತಿರುಗಿಸಿ ನಿಂತುಬಿಟ್ಟ, ಏನೂ ಆಗದವನಂತೆ. ಬೆಂಕಿ ಒಮ್ಮೆ ಸೀಟಿ ಹೊಡೆದ ಹಾಗೆ ಸಿಳ್ಳೆಂದಿತು. ಪುಳ್ಳೆಯಿಂದ ಸೌದೆಗೆ, ಸೌದೆಯಿಂದ ತುದಿಗೆ ಎರಡೆರಡು ಮೆಟ್ಟಿಲು ಹಾರಿ ಹತ್ತಿತು.

"ತಿರುಗಬಹುದು" ಎಂದೆ.

ತಿರುಗಿದವರ ಮುಖಗಳನ್ನು ನಾನು ಮರೆಯಲಾರೆ. ಎಲ್ಲರ ಬಾಯಿ ತೆರೆದಿತ್ತು, ಹಲ್ಲೆಲ್ಲ ಹೊಂಬಣ್ಣವಾಗಿತ್ತು. ಆಳೆತ್ತರದ ಉರಿ, ಜ್ವಾಲೆಗೊಂದು ಕುಣಿತ. "ಅಯ್ಯೋ ಇಂದವ್ವ, ಇದು ನಿಂದಾ ಮಗಾ!" ಎಂದು ತಿಪ್ಪಮ್ಮಜ್ಜಿ ನನ್ನ ಗಲ್ಲ ಹಿಡಿದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದರು. ನನಗೆ ನಾಚಿಕೆಯಾಯಿತು, ಆದರೆ ಖುಷಿಯೂ ಆಯಿತು. ಎರಡರಲ್ಲಿ ಖುಷಿಯೇ ಹೆಚ್ಚಿತ್ತು ಎಂದು ಒಪ್ಪಿಕೊಳ್ಳಬೇಕು. ಜುಬೇದಾ ಮಾತ್ರ ತಲೆ ಓರೆ ಮಾಡಿ ಉರಿಯನ್ನೇ ನೋಡಿದಳು. "ಈ ಬೆಂಕಿ ನಾನೆಲ್ಲೋ ನೋಡಿದೀನಿ" ಎಂದಳು.

ಹಾಡು ಶುರುವಾಯಿತು. ಚಪ್ಪಾಳೆ ಬಿದ್ದಷ್ಟೂ ಬೆಂಕಿಗೆ ಹುರುಪು. ಓಡುವ ಬಸ್ಸಿನ ಬಾಗಿಲಿನಲ್ಲಿ ಒಂದು ಕಾಲಿಟ್ಟು ಜೋತಾಡುವ ಮೈಲಾರಿಯ ಹಾಗೆಯೇ ಅದು ಕಲ್ಲಿನ ಅಂಚಿಗೆ ಬಂದು ಹೊರಕ್ಕೆ ವಾಲುತ್ತಿತ್ತು, ಜನ ಹೋ ಎಂದರೆ ಇನ್ನಷ್ಟು ವಾಲುತ್ತಿತ್ತು. "ಸ್ವಲ್ಪ ಹಿಂದೆ ಸರಿದು ಕೂತ್ಕೊಳ್ಳಿ" ಎಂದೆ. ನನ್ನ ಸ್ವರ ಹಾಡಿನಲ್ಲಿ ಮುಳುಗಿತು. ನಾನಾದರೂ ಜೋರಾಗಿ ಹೇಳಬೇಕಿತ್ತು. ಹೇಳಲಿಲ್ಲ, ಎಲ್ಲರೂ ಅಷ್ಟು ಸಂತೋಷದಲ್ಲಿದ್ದರು. ಅಷ್ಟರಲ್ಲಿ ಯಾರು ಮಾಡಬಾರದೋ ಅವರೇ ಮಾಡಿದರು. ರಾಚಪ್ಪ ಮೇಷ್ಟ್ರು, ಮೂರು ವರ್ಷ ನಮಗೆ ವಿಜ್ಞಾನ ಹೇಳಿಕೊಟ್ಟವರು, ಎದ್ದು ಕುಣಿಯುತ್ತ ಹೋಗಿ ಒಂದು ತೆಕ್ಕೆ ಒಣಹುಲ್ಲು ಕಿತ್ತು ತಂದು ಉರಿಗೆ ಎಸೆದೇಬಿಟ್ಟರು.

ಬೆಂಕಿ ಎರಡಾಳೆತ್ತರ ಹಾರಿತು. ಎಲ್ಲರೂ ಕೇಕೆ ಹಾಕಿದರು. ಅದೇ ಹೊತ್ತಿಗೆ ಪೂರ್ವದಿಂದ ಗಾಳಿ ಎದ್ದಿತು. ಹೊತ್ತಿದ ಹುಲ್ಲಿನ ಎಳೆಯೊಂದು ಸುರುಳಿ ಸುತ್ತುತ್ತ ಮೇಲೇರಿ, ನಾವು ಗುಡಿಸಿದ ಹತ್ತು ಮಾರನ್ನೂ ದಾಟಿ, ಇಳಿಜಾರಿನ ಅಂಚಿನ ಹುಲ್ಲಿನಲ್ಲಿ ಇಳಿಯುವುದನ್ನು ನಾನು ಕಂಡೆ. ಬೇರೆ ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಉರಿಯ ಮೇಲಿತ್ತು. ನಾನು ಮಾತ್ರ ಉರಿಯನ್ನು ಬಿಟ್ಟು ಕಿಡಿಗಳನ್ನೇ ಎಣಿಸುತ್ತ ಕೂತಿದ್ದೆ.

ನೆನೆದ ಗೋಣಿ ಎಳೆದುಕೊಂಡು ಓಡಿದೆ. ಅಷ್ಟರಲ್ಲಿ ಒಂದು ಚಾಪೆಯಗಲ ಹೊತ್ತಿತ್ತು. ಬಡಿದೆ. ಒಂದು ಕಡೆ ಆರಿದರೆ ಇನ್ನೊಂದು ಕಡೆ ಏಳುತ್ತಿತ್ತು. "ಅಕ್ಕಾ!" ಎಂದು ಮೈಲಾರಿ ಎರಡನೆಯ ಗೋಣಿ ಹಿಡಿದು ಬಂದ. ಇಬ್ಬರೂ ಬಡಿದೆವು. ಹೊಗೆಯಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಜುಬೇದಾ ಕೊಡವನ್ನೇ ಎತ್ತಿ ತಂದು ಸುರಿದಳು. ಅಂಚಿನ ಹುಲ್ಲು ಸುಂಯ್ ಎಂದು ಆರಿತು. ಆದರೆ ತಿರುಗಿ ನೋಡಿದರೆ ಹಿಂದೆ ದೊಡ್ಡ ಬೆಂಕಿ ಹುಚ್ಚೆದ್ದು ಕುಣಿಯುತ್ತಿದೆ, ಗಾಳಿಯ ಒಂದೊಂದು ಬೀಸಿಗೂ ನಮ್ಮತ್ತ ಕಿಡಿ ತೂರುತ್ತಿದೆ, ಉಳಿದವರೆಲ್ಲ ಅದರ ಸುತ್ತ ಬೊಬ್ಬೆ ಹೊಡೆಯುತ್ತಿದ್ದಾರೆ. ಮೇಷ್ಟ್ರು ಒಂದು ಕೊಡ ನೀರು ಎರಚಿದರು. ಬೆಂಕಿ ಅದನ್ನು ತಲೆ ಕೊಡವಿದ ಹಾಗೆ ಕೊಡವಿಕೊಂಡು ಮತ್ತೆ ಎದ್ದಿತು. ಬೊಬ್ಬೆ ಹೆಚ್ಚಾದಷ್ಟೂ ಅದಕ್ಕೆ ಕುಣಿತ ಹೆಚ್ಚು.

ಆಗ ನನಗೆ ಹೊಳೆಯಿತು. ಮೈಲಾರಿಯ ಬಸ್ಸಿನಲ್ಲಿ ನಾನು ದಿನವೂ ಓಡಾಡುವವಳು. ಬಸ್ಸು ತುಂಬಿದ್ದರೆ ಅವನ ಆಟ ಹೇಳತೀರದು. ಖಾಲಿ ಬಸ್ಸಿನಲ್ಲಿ ಅವನು ಸುಮ್ಮನೆ ಸೀಟಿಗೆ ಒರಗಿ ಕೂತಿರುತ್ತಾನೆ.

"ಸುಮ್ಮನಾಗಿ!" ಎಂದು ಕೂಗಿದೆ. ಅಷ್ಟು ದೊಡ್ಡ ಸ್ವರ ನನ್ನೊಳಗೆ ಎಲ್ಲಿತ್ತೋ. "ಯಾರೂ ಅದನ್ನ ನೋಡಬೇಡಿ! ಬೆನ್ನು ತಿರುಗಿಸಿ ಎಲ್ಲ! ಮೇಷ್ಟ್ರೇ, ನೀವೂ!"

ಬೆಂಕಿಯಿಂದ ಕಣ್ಣು ಕೀಳಬಾರದೆಂದು ಕರಪತ್ರದ ಒಂದನೇ ಸೂಚನೆಯೇ ಹೇಳುತ್ತದೆ. ಅದನ್ನು ಮುರಿಯಿರಿ ಎಂದು ಹನ್ನೆರಡು ಜನಕ್ಕೆ ನಾನೇ ಹೇಳಿದೆ. ತಪ್ಪಾದರೆ ಕುರಿಗಳ ಬಿಡಾರ, ಬಣವೆ, ಎಲ್ಲ ನನ್ನ ತಲೆಯ ಮೇಲೆ. ಆದರೆ ಒಬ್ಬರು ಕಾಯುತ್ತಿದ್ದರೆ ಸೂಚನೆ ಮುರಿದಂತಲ್ಲ ಎಂದುಕೊಂಡು ನಾನೊಬ್ಬಳೇ ಸಲಿಕೆ ಹಿಡಿದು ಅದರೆದುರು ನಿಂತೆ. ಎಲ್ಲರೂ ತಿರುಗಿದರು. ಗದ್ದಲ ನಿಂತಿತು. ಬೆಂಕಿ ಆ ಕಡೆ ವಾಲಿತು, ಈ ಕಡೆ ವಾಲಿತು, ಒಂದು ಸಲ ಚಟಪಟ ಎಂದು ಕರೆಯಿತು. ಯಾರೂ ತಿರುಗಲಿಲ್ಲ. ಅದು ನಿಂತಲ್ಲೇ ಕುಗ್ಗಿತು, ಸೊಂಟಕ್ಕೆ ಬಂತು, ಮಂಡಿಗೆ ಬಂತು. ಪಾಪ ಅನ್ನಿಸಿತು, ನಿಜ. ಆದರೂ ಮಣ್ಣು ಎಳೆದು ಹಾಕಿದೆ, ಕೊನೆಯ ಕೊಡದ ನೀರು ನಿಧಾನವಾಗಿ ಸುರಿದೆ, ಕೋಲಿನಿಂದ ಕೆದಕಿದೆ, ಮತ್ತೆ ಸುರಿದೆ. ಬೂದಿಯ ಮೇಲೆ ಕೈಯ ಹಿಂಬದಿ ಇಟ್ಟು ನೋಡಿದೆ. ಬಿಸಿ ಇರಲಿಲ್ಲ. ಅಂಚಿನ ಹುಲ್ಲಿಗೂ ಹೋಗಿ ಬಗ್ಗಿ ಮುಟ್ಟಿ ನೋಡಿಬಂದೆ.

ಸಂಜೆಗತ್ತಲಲ್ಲಿ ಎಲ್ಲರೂ ನಿಂತೇ ಇದ್ದರು. ಗಂಟೆ ಆರೂವರೆಯಾಗಿತ್ತು. ಚಳಿ ಮೂಳೆಗೆ ತಾಗುತ್ತಿತ್ತು. ಮೇಷ್ಟ್ರು ತಲೆ ತಗ್ಗಿಸಿ, "ಹುಲ್ಲು ಹಾಕಿದ್ದು ನನ್ನ ತಪ್ಪು" ಎಂದರು.

"ಅಲ್ಲ ಮೇಷ್ಟ್ರೇ" ಎಂದೆ. "ಅದು ನನ್ನ ಬೆಂಕಿ ಅಲ್ಲ. ಹೆದರಿ ಮೈಲಾರಿ ಕೈಲಿ ಹಚ್ಚಿಸಿದೆ. ನನ್ನದನ್ನ ನೋಡಿ ನೀವೆಲ್ಲ ಬೇಜಾರಾಗ್ತೀರಿ ಅಂತ."

"ನಾನು ಹೇಳಲಿಲ್ವಾ, ಎಲ್ಲೋ ನೋಡಿದೀನಿ ಅಂತ!" ಎಂದಳು ಜುಬೇದಾ. "ಅದು ಟಿಕೆಟ್ ಟಿಕೆಟ್ ಅನ್ನೋದೊಂದು ಬಾಕಿ ಇತ್ತು."

ಯಾರೋ ಕಿಸಕ್ಕೆಂದರು. ಮೈಲಾರಿ ಮಾತ್ರ ನಗಲಿಲ್ಲ. ಆರಿದ ಗುಂಡಿಯನ್ನು ನೋಡುತ್ತ, "ನಮ್ಮಮ್ಮ ಹೇಳ್ತಿದ್ದುದು ಸರಿ" ಎಂದ, ಮೆಲ್ಲಗೆ.

"ಅದೆಲ್ಲ ಆಮೇಲೆ ಮಾತಾಡ್ರಿ" ಎಂದಳು ತಿಪ್ಪಮ್ಮಜ್ಜಿ. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. "ಇಂದವ್ವ, ಚೀಟಿ ಬಂದಿದ್ದು ನಿಂಗೆ. ಹಚ್ಚು."

"ಅಜ್ಜಿ, ಅದು ತುಂಬ ಸಣ್ಣದು."

"ನಾನೇನು ಎಮ್ಮೆ ಸುಡಬೇಕಾ? ಕೈ ಬಿಸಿ ಆದ್ರೆ ಸಾಕು. ಹಚ್ಚು ಅಂದ್ರೆ."

ಕೊಡಗಳನ್ನು ತುಂಬಿಕೊಂಡು ಬರುವವರೆಗೆ ಕಡ್ಡಿ ಗೀರುವುದಿಲ್ಲ ಎಂದೆ. ಈ ಸಲ ಯಾರೂ ತಮಾಷೆ ಮಾಡಲಿಲ್ಲ, ಇಬ್ಬರು ಓಡಿದರು. ಗುಂಡಿಯ ಒದ್ದೆ ಮಣ್ಣು ಬಗೆದು ಒಣಮಣ್ಣು ಹರಡಿ, ಉಳಿದಿದ್ದ ಪುಳ್ಳೆಯನ್ನು ಪುಟ್ಟದಾಗಿ ಜೋಡಿಸಿದೆ. ಎಲ್ಲರೂ ಬೆನ್ನು ತಿರುಗಿಸಿದರು. ಮೈಲಾರಿಯನ್ನು ಜುಬೇದಾ ತೋಳು ಹಿಡಿದು ತನ್ನ ಪಕ್ಕಕ್ಕೆ ಎಳೆದುಕೊಂಡಳು. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಆರಿತು. ಮೂರನೆಯದರ ತುದಿಯಲ್ಲಿ ಒಂದು ಉರಿ ಬಂತು, ಬಂದು ನನ್ನನ್ನು ನೋಡಿತು. ಒಂಬತ್ತು ವರ್ಷ ಕಳೆದಿತ್ತು. ಗುರುತು ಸಿಕ್ಕಿತು, ಅದಕ್ಕೂ ನನಗೂ. ಪುಳ್ಳೆಯನ್ನು ಮುಟ್ಟಿ ಹಿಂದೆಗೆಯಿತು, ಮತ್ತೆ ಮುಟ್ಟಿತು. ಹತ್ತಲಾ ಬೇಡವಾ ಎಂದು ಕೇಳುವ ಹಾಗೆ.

"ತಿರುಗಿ, ಆದರೆ ಮೆಲ್ಲಗೆ" ಎಂದೆ.

ಹನ್ನೆರಡು ಜನ ತಿರುಗಿದರು. ಚಪ್ಪಲಿಯ ಸದ್ದಿಗೇ ಅದು ಕಲ್ಲಿನ ಹಿಂದೆ ಹೋಯಿತು. ಆಮೇಲೆ ತಿಪ್ಪಮ್ಮಜ್ಜಿ ಚಪ್ಪಲಿ ಕಳಚಿಟ್ಟು, ಒಂದೊಂದೇ ಹೆಜ್ಜೆ ಇಟ್ಟು ಬಂದು, ಕಲ್ಲಿಗೆ ಒಂದು ಮಾರು ಬಿಟ್ಟು ಕೂತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಚಪ್ಪಲಿ ಕಳಚಿದರು. ಉರಿ ಅಷ್ಟು ಸಣ್ಣದಾದ್ದರಿಂದ ದೂರ ಕೂತರೆ ಕಾವು ತಾಗುತ್ತಿರಲಿಲ್ಲ. ಹತ್ತಿರ ಸರಿದರು. ಭುಜಕ್ಕೆ ಭುಜ, ಮಂಡಿಗೆ ಮಂಡಿ. ಜುಬೇದಾಳ ಎರಡು ಕಂಬಳಿಯನ್ನು ಹಿಂದಿನಿಂದ ಎಲ್ಲರ ಬೆನ್ನಿಗೂ ಹೊದಿಸಲು ನೋಡಿದೆವು. ಅಂಚು ಬೆಂಕಿಯ ಕಡೆ ಜಾರದ ಹಾಗೆ ನಾನು ಒಂದು ಸುತ್ತು ಹೋಗಿ ಎಲ್ಲರಿಗೂ ಸಿಕ್ಕಿಸಿಬಂದೆ. ಉರಿ ಇಣುಕಿತು. ಅಷ್ಟು ಮುಖಗಳನ್ನು ಒಟ್ಟಿಗೆ ಕಂಡು ಬೆಚ್ಚಿತು. ಯಾರೂ ಏನೂ ಮಾಡಲಿಲ್ಲವೆಂದು ನೋಡಿ ಮೊದಲ ಸೌದೆಗೆ ಕೈ ಹಾಕಿತು.

"ಯಾವಳೋ ಮದುಮಗಳು ಇದ್ದ ಹಾಗಿದ್ದಾಳೆ ಕಣೇ" ಎಂದು ಜುಬೇದಾ ಪಿಸುಗುಟ್ಟಿದಳು. ಗಟ್ಟಿಯಾಗಿ ನಗುವ ಹಾಗಿಲ್ಲ. ಹದಿಮೂರು ಜನ ಬಾಯಿಗೆ ಬಟ್ಟೆ ಹಿಡಿದು ಅಲುಗಾಡಿದೆವು. ಅದರಿಂದ ನಗು ಇನ್ನೂ ಉಕ್ಕಿತು. ಬೆಂಕಿಯೂ ಸಣ್ಣಗೆ ಅಲುಗಿತು. ಅದು ನಕ್ಕಿತೋ ಗಾಳಿಯೋ, ಖಚಿತವಾಗಿ ಹೇಳಲಾರೆ.

ಪಿಸುಮಾತಿನಲ್ಲೇ ಮಾತು ನಡೆಯಿತು. ಪಿಸುಮಾತಿನಲ್ಲಿ ಜನ ಹೇಳುವ ವಿಷಯಗಳೇ ಬೇರೆ. ಅಕ್ಷರ ಬರುವುದಿಲ್ಲವೆಂದು ಯಾರಿಗೂ ತಿಳಿಯದಿರಲಿ ಎಂದು ಮೂವತ್ತು ವರ್ಷ ಪೋಸ್ಟ್‌ಮ್ಯಾನ್ ಎದುರು ಕನ್ನಡಕ ಮರೆತೆ ಅನ್ನುತ್ತಿದ್ದುದನ್ನು ತಿಪ್ಪಮ್ಮಜ್ಜಿ ಹೇಳಿದಳು. ಅವಳಿಗೆ ಕನ್ನಡಕವೇ ಇರಲಿಲ್ಲ. ಮೇಷ್ಟ್ರು ತಾವೂ ಒಮ್ಮೆ ಗಣಿತದಲ್ಲಿ ನಪಾಸಾಗಿದ್ದನ್ನು ಹೇಳಿದರು. ಕಡೆಗೆ ಮೈಲಾರಿ ಬಾಯಿ ಬಿಟ್ಟ. ಅವನಿಗೆ ಪಿಸುಮಾತು ಬರುವುದೇ ಇಲ್ಲ, ತಡವರಿಸಿದ. "ಪರೀಕ್ಷೆ ದಿನ ಪೇಪರ್ ಕೈಗೆ ಕೊಟ್ರಲ್ಲ, ಆಗ ನಾನು ಎದ್ದು ಓಡಿಹೋಗೋದರಲ್ಲಿದ್ದೆ. ಕೈಕಾಲು ತಣ್ಣಗಾಗಿತ್ತು. ಇಂದಕ್ಕ ಮುಂದಿನ ಬೆಂಚಲ್ಲಿ ಕೂತು ನಡುಗ್ತಾನೇ ಬರೀತಿದ್ಲು. ನಡುಗ್ತಾನೂ ಬರೀಬಹುದು ಅಂತ ಕೂತೆ."

ನನಗೆ ಗೊತ್ತಿರಲಿಲ್ಲ. ನಾನು ನಡುಗುವುದು ಹಿಂದಿನವರಿಗೆ ಕಾಣುತ್ತಿತ್ತೆಂದು ತಿಳಿದಿದ್ದರೆ ಅಂದೇ ನಾಚಿಕೆಯಿಂದ ಎದ್ದು ಹೋಗುತ್ತಿದ್ದೆ. ಉರಿ ಮೈಲಾರಿಯ ಕಡೆ ತಿರುಗಿ ಸ್ವಲ್ಪ ಉದ್ದವಾಯಿತು, ಅವನ ಕೈಗೆ ಕಾವು ತಾಗುವಷ್ಟು. ಅವನು ಉಸಿರು ಬಿಗಿಹಿಡಿದು ಕೂತ. ಒಮ್ಮೆ ಗಾಳಿ ಬೀಸಿತು. ನಾನು ಕೊಡಕ್ಕೆ ಕೈ ಹಾಕಿದೆ. ಬೆಂಕಿ ತಲೆ ತಗ್ಗಿಸಿ ಗುಂಡಿಯೊಳಗೆ ಅಡಗಿತು. ಒಂದು ಕಿಡಿಯೂ ಹೊರಗೆ ಹೋಗಲಿಲ್ಲ. ಗಾಳಿ ನಿಂತ ಮೇಲೆ ಮೂಗಿನ ತುದಿ ತೋರಿಸಿತು. "ಬಾ ಬಾ, ಹೋಯ್ತು" ಎಂದು ಮೇಷ್ಟ್ರೇ ಕರೆದರು.

ಕೆಳಗೆ ಬಸ್ಸಿನ ಹಾರ್ನ್ ಕೇಳಿತು. ಯಾರೂ ಏಳಲಿಲ್ಲ. ಮತ್ತೆ ಕೇಳಿತು. ಏಳಿ ಎನ್ನಬೇಕಾದವಳು ನಾನು. ಸೌದೆಯ ಕೊನೆಯ ತುಂಡು ಈಗ ಹಿಡಿದಿದೆ, ಅದೊಂದು ಮುಗಿಯಲಿ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಡ್ರೈವರ್ ಓಬಳ್ಳಿಯಣ್ಣ ಟಾರ್ಚ್ ಹಿಡಿದು, ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. ಕಂಬಳಿಯೊಳಗೆ ತಲೆಗೆ ತಲೆ ಕೊಟ್ಟು ಕೂತ ಅಷ್ಟು ಜನರನ್ನು ನೋಡಿ ಗಾಬರಿಯಾದರು. "ಯಾರಿಗೇನಾಯ್ತ್ರೋ? ಹಾವು ಗೀವು ಕಚ್ತಾ?"

"ಶ್!" ಎಂದೆವು ಎಲ್ಲರೂ.

ಉರಿ ಆಗಲೇ ಕಲ್ಲಿನ ಹಿಂದಿತ್ತು. ಓಬಳ್ಳಿಯಣ್ಣ ಬಗ್ಗಿ ನೋಡಿದರು. ಟಾರ್ಚ್ ಆರಿಸಿದರು. "ಯಾರದಿದು?" ಎಂದು ಕೇಳಿದರು, ದನಿ ತಗ್ಗಿಸಿ.

"ನಂದು" ಎಂದೆ.

"ನನಗೆ ಕೈ ತಣ್ಣಗಾಗಿದೆ ಕಣಮ್ಮ. ಸ್ಟೇರಿಂಗ್ ಹಿಡಿಯೋಕಾಗ್ತಿಲ್ಲ. ಜಾಗ ಇದೆಯಾ?"

ನಾನು ಮೈಲಾರಿಯನ್ನು ಒತ್ತರಿಸಿ ಸರಿದೆ. ಐದೇ ನಿಮಿಷ, ಆಮೇಲೆ ನಾನು ಆರಿಸಲೇಬೇಕು ಎಂದೆ. ಅವರು ಚಪ್ಪಲಿ ಬಿಟ್ಟು ನನ್ನ ಪಕ್ಕ ಕೂತು ಎರಡೂ ಕೈ ಚಾಚಿದರು. ಬೆಂಕಿ ಹೊಸಬರನ್ನು ಬಹಳ ಹೊತ್ತು ನೋಡಿತು, ಆಮೇಲೆ ಒಂದು ಬೆರಳಷ್ಟು ಮುಂದೆ ಬಂತು. ಆ ಐದು ನಿಮಿಷ ಎಷ್ಟು ಹೊತ್ತು ನಡೆಯಿತೆಂದು ನನ್ನನ್ನು ಕೇಳಬೇಡಿ. ಗಡಿಯಾರ ನನ್ನ ಕೈಯಲ್ಲೇ ಇತ್ತು. ನಾನು ನೋಡಲಿಲ್ಲ.